ಬಾವುಟ ನೆಟ್ಟರೆ ನೆಲ ನಮ್ಮದೇ?

ಪ್ರಶ್ನೆ: ಯುರೋಪಿನ ನಾವಿಕರು ದಡದಲ್ಲಿ ಬಾವುಟ ನೆಟ್ಟ ಮಾತ್ರಕ್ಕೆ ಇಡೀ ನಾಡು ಅವರದಾಗುತ್ತಿತ್ತೇ?

ಉತ್ತರ: ಅಲ್ಲಿನ ಜನರ ಲೆಕ್ಕದಲ್ಲಿ ಖಂಡಿತ ಇಲ್ಲ. ಆ ಶಾಸ್ತ್ರವೆಲ್ಲ ಯುರೋಪಿನ ಎದುರಾಳಿಗಳ ಕಿವಿಗೆ ಬೀಳಲೆಂದು. 1770ರ ಆಗಸ್ಟ್ 22ರಂದು ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಆಸ್ಟ್ರೇಲಿಯಾದ ಈಶಾನ್ಯ ತುದಿಯ ಪುಟ್ಟ ದ್ವೀಪವೊಂದರಲ್ಲಿ ಬಾವುಟ ಏರಿಸಿ, 38 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಅಲ್ಲಿಯವರೆಗಿನ ಪೂರ್ವ ಕರಾವಳಿಯೆಲ್ಲ ದೊರೆ ಮೂರನೇ ಜಾರ್ಜ್‌ನದೆಂದು ಸಾರಿದ. ಮೂರು ಸುತ್ತು ಗುಂಡು ಹಾರಿತು, ಹಡಗಿನಿಂದಲೂ ಮೂರು. ಮುಗಿಯಿತು! ವಿಚಿತ್ರವೆಂದರೆ, ಜನವಸತಿಯಿದ್ದರೆ ಅವರ ಒಪ್ಪಿಗೆ ಪಡೆದೇ ಸ್ವಾಧೀನಪಡಿಸಿಕೊಳ್ಳಬೇಕೆಂದು ನೌಕಾಖಾತೆಯ ಗುಪ್ತ ಆದೇಶದಲ್ಲಿತ್ತು. ಕುಕ್ ಯಾರನ್ನೂ ಕೇಳಲಿಲ್ಲ. ಮುಂದೆ ವಸಾಹತು ಕಾನೂನು ಆ ನಾಡನ್ನು ಒಡೆಯರಿಲ್ಲದ ನೆಲವೆಂದೇ ನಡೆಸಿಕೊಂಡಿತು. ಮೇರ್ ದ್ವೀಪದ ಎಡ್ಡಿ ಮಾಬೊ ಮತ್ತು ಸಂಗಡಿಗರು ಹೂಡಿದ ದಾವೆಯಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿದ್ದು 1992ರ ಜೂನ್‌ನಲ್ಲಿ. ಮಾಬೊ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.