ಪರದೇಶದಲ್ಲಿ ಮತಸೇವೆ: ಥಾಣೆಯಿಂದ ಮಂಗಳೂರಿನವರೆಗೆ

ತಾನು ನಂಬಿದ ಧರ್ಮವನ್ನು ಪರದೇಶದಲ್ಲಿ ಸಾರುವುದಕ್ಕೂ ಅಲ್ಲಿಯ ಜನರ ಸೇವೆ ಮಾಡುವುದಕ್ಕೂ ಮನೆಮಾರು ಬಿಟ್ಟು ಹೊರಡುವ ಪದ್ಧತಿ ಕ್ರೈಸ್ತಮತದಲ್ಲಿ ಬಹು ಪ್ರಾಚೀನವಾದುದು. ಹೀಗೆ ಹೊರಟವನನ್ನು ಸಾಮಾನ್ಯವಾಗಿ ಕೊಡುವವನೆಂದೇ ಭಾವಿಸಲಾಗುತ್ತದೆ. ವಸ್ತುತಃ ಅವನು ಕೊಡುವುದಕ್ಕಿಂತ ಮೊದಲು ಪಡೆಯಬೇಕಾದುದು ಬಹಳವಿದೆ. ಇರುವುದಕ್ಕೆ ಮನೆ, ಉಣ್ಣುವುದಕ್ಕೆ ಅನ್ನ, ನಡೆಯುವುದಕ್ಕೆ ದಾರಿ ತೋರುವವರು, ಇವೆಲ್ಲಕ್ಕಿಂತ ಮುಖ್ಯವಾಗಿ ಆಡುವುದಕ್ಕೆ ಭಾಷೆ, ಇವು ಆತಿಥೇಯರ ಕೈಯಿಂದಲೇ ಬರಬೇಕು. ಪಶ್ಚಿಮ ಕರಾವಳಿಯಲ್ಲಿ ನಡೆದ ಎರಡು ಪ್ರಸಂಗಗಳನ್ನು ಪರಿಶೀಲಿಸಿದರೆ, ಈ ಪಡೆಯುವಿಕೆ ಎಷ್ಟು ಆಳವಾಗಿತ್ತೋ ಕೊಡುಗೆಯ ಆಯುಷ್ಯವೂ ಅಷ್ಟೇ ದೀರ್ಘವಾಯಿತೆಂಬುದು ವಿಶದವಾಗುತ್ತದೆ.

ಮೊದಲನೆಯ ಪ್ರಸಂಗ ಕಳವಾದ ಕನ್ನಡಿಗರಿಗೆ ತೀರ ಸಮೀಪದ್ದು. ಕಳವಾದಿಂದ ಖಾಡಿಯನ್ನು ದಾಟಿದರೆ ಥಾಣೆ. ಶಿಲಾಹಾರರ ಕಾಲದಲ್ಲಿ ಸ್ಥಾನಕವೆಂದು ಹೆಸರಾಗಿದ್ದ ಈ ಪಟ್ಟಣ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಡಲ ವ್ಯಾಪಾರಕ್ಕೆ ಪ್ರಸಿದ್ಧವಾಗಿತ್ತು. ದಿಲ್ಲಿಯ ಸುಲ್ತಾನರ ಅಧಿಕಾರಿಗಳ ಆಳಿಕೆಗೆ ಒಳಪಟ್ಟಿತ್ತು. 1321ರಲ್ಲಿ ಹೊರ್ಮುಜ್ ಕಡೆಯಿಂದ ಕೊಲ್ಲಂಗೆ ಹೊರಟಿದ್ದ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಮಾರ್ಗ ತಪ್ಪಿ ಇಲ್ಲಿ ಇಳಿದರು. ತೊಲೆಂತಿನೋ ಊರಿನ ತೊಮಾಸೋ, ಪಾದುವಾದ ಜಾಕೊಮೋ, ಸಿಯೆನಾದ ಪಿಯೆತ್ರೋ, ತಿಫ್ಲಿಸ್‌ನ ದೆಮೆತ್ರಿಯಸ್ ಎಂದು ಅವರ ಹೆಸರುಗಳು. ಇವರಲ್ಲಿ ದೆಮೆತ್ರಿಯಸನೊಬ್ಬನೇ ಅನ್ಯಭಾಷೆಗಳನ್ನು ಬಲ್ಲವನೆಂದು ಹೆಸರಾಗಿದ್ದವನು. ಅವರಿಗೆ ಆಶ್ರಯವಿತ್ತವರು ಊರಿನಲ್ಲಿ ಮೊದಲಿನಿಂದ ಇದ್ದ ನೆಸ್ತೋರಿಯನ್ ಕ್ರೈಸ್ತರ ಒಂದು ಮನೆಯವರು. ಆ ಮನೆಯ ಗಂಡಹೆಂಡಿರ ಜಗಳ ಕಾಜಿಯವರೆಗೆ ಹೋಯಿತು. ಸಾಕ್ಷಿಯ ನೆಪದಿಂದ ಸಂನ್ಯಾಸಿಗಳನ್ನೂ ಕರೆಸಲಾಯಿತು. ವಿಚಾರಣೆ ಜಗಳವನ್ನು ಬಿಟ್ಟು ಮತದ ಕಡೆಗೆ ತಿರುಗಿತು. ಅವರು ಕೊಟ್ಟ ಉತ್ತರ ಸಭೆಯನ್ನು ಕೆರಳಿಸಿತು. ನಾಲ್ವರೂ ಪ್ರಾಣ ಕಳೆದುಕೊಂಡರು. ನೆಲದ ಪರಿಚಯವಾಗುವಷ್ಟು ಕಾಲವೂ ಅವರಿಗೆ ದೊರೆತಿರಲಿಲ್ಲ.

ಅವರ ಜೊತೆಗೆ ಬಂದಿದ್ದ ಡೊಮಿನಿಕನ್ ಸಂನ್ಯಾಸಿ ಜೋರ್ದಾನಸ್ ಆ ಸಮಯದಲ್ಲಿ ಥಾಣೆಯಲ್ಲಿರಲಿಲ್ಲ. ಹಿಂದಿರುಗಿ ಬಂದು ಗೆಳೆಯರ ದೇಹಗಳನ್ನು ಸೋಪಾರಾದಲ್ಲಿ ಮಣ್ಣುಮಾಡಿದನು. ಕೆಲವು ಕಾಲದ ಮೇಲೆ ಈ ದಾರಿಯಾಗಿ ಬಂದ ಓದೊರಿಕ್ ಎಂಬ ಪ್ರವಾಸಿ ಆ ಎಲುಬುಗಳನ್ನು ತೆಗೆದು ಚೀನ ದೇಶದವರೆಗೆ ಕೊಂಡೊಯ್ದನು. ಅವರು ಸತ್ತ ನೆಲದಲ್ಲಿ ಎಲುಬುಗಳೂ ಉಳಿಯಲಿಲ್ಲವೆಂದಂತಾಯಿತು. ಜೋರ್ದಾನಸನಾದರೋ ಈ ಕರಾವಳಿಯನ್ನು ಬಿಡಲಿಲ್ಲ. ವರ್ಷಗಟ್ಟಲೆ ತಿರುಗಾಡಿ ಕಂಡುದನ್ನು ಲ್ಯಾಟಿನ್ ಭಾಷೆಯ ಒಂದು ಕಿರುಗ್ರಂಥದಲ್ಲಿ ಬರೆದಿಟ್ಟನು. ಹಲಸು, ಮಾವು, ತೆಂಗು, ಆನೆ, ಸತ್ತವರನ್ನು ಹಕ್ಕಿಗಳಿಗೆ ಬಿಡುವ ಪಾರಸಿಗಳ ಪದ್ಧತಿ, ಇವೆಲ್ಲ ಅದರಲ್ಲಿವೆ. ಹಣ್ಣುಗಳಿಗೆ ಈ ನೆಲದ ಹೆಸರುಗಳನ್ನೇ ಅವನು ಬಳಸಿದ್ದಾನೆ. 1329ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್ ಅವನನ್ನು ಕೊಲ್ಲಂನ ಬಿಷಪ್ಪನನ್ನಾಗಿ ನಿಯಮಿಸಿದನು. ನಾಲ್ವರು ಮಡಿದವರನ್ನು ಚರ್ಚು ಪೂಜ್ಯರೆಂದು ಸ್ಮರಿಸುತ್ತದೆ. ಈ ದೇಶದ ಇತಿಹಾಸಕ್ಕೆ ಉಪಯೋಗವಾದುದು ಮಾತ್ರ ಉಳಿದು ನೋಡಿದವನ ಬರಹವೇ.

ಎರಡನೆಯ ಪ್ರಸಂಗ ಇದೇ ಕರಾವಳಿಯ ದಕ್ಷಿಣಕ್ಕೆ, ಐದು ಶತಮಾನಗಳ ಅನಂತರ ನಡೆದುದು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನು, ಇಂಗ್ಲಿಷರಲ್ಲದ ಮಿಶನರಿಗಳಿಗೂ ಇಂಡಿಯಾದಲ್ಲಿ ನೆಲೆಸಲು 1833ರ ಕಾಯಿದೆ ಎಡೆಮಾಡಿಕೊಟ್ಟ ಬಳಿಕ, ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಮುಂದೆ ಕೆಲವೇ ವರ್ಷಗಳಲ್ಲಿ, ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಅದರ ಠಾಣೆಗಳು ಏರ್ಪಟ್ಟವು. ಹೊಸದಾಗಿ ಬಂದವನು ಮೊದಲು ದೇಶಭಾಷೆಯನ್ನು ಕಲಿಯತಕ್ಕದ್ದೆಂಬುದು ಅಲ್ಲಿಯ ಕಟ್ಟಳೆ. ಬೋಧನೆಗಾಗಿ ಕಲಿತ ಭಾಷೆ ಕೆಲವರಲ್ಲಿ ಬೋಧನೆಯನ್ನೂ ಮೀರಿ ಬೆಳೆಯಿತು.

1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ ಇಂಥವರಲ್ಲಿ ಅಗ್ರಗಣ್ಯನು. 1843ರ ಜುಲೈ 1ರಂದು ಅವನು ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಊರ ವರ್ತಮಾನ, ಸರ್ಕಾರದ ಕಾನೂನು, ನೀತಿ, ಕಥೆ ಎಲ್ಲಕ್ಕೂ ಅದರಲ್ಲಿ ಸ್ಥಳವಿತ್ತು. ತರುವಾಯ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿಭಾರತ, ಬಸವಪುರಾಣ ಮೊದಲಾದ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದನು. ಖರ್ಚಿನ ಭಾರವನ್ನು ಹೊತ್ತವನು ಮದರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಯಾವ ಮತಗಳಿಂದ ಜನರನ್ನು ಬಿಡಿಸಿ ತರಬೇಕೆಂದು ಮೊಗ್ಲಿಂಗನು ಬಂದಿದ್ದನೋ ಆ ಮತಗಳ ಗ್ರಂಥಗಳೇ ಇವು. ಎದುರಾಳಿಯನ್ನು ಅರಿಯುವ ಉದ್ದೇಶ ಇದರಲ್ಲಿ ಇದ್ದಿರಬಹುದು. ಆದರೆ ಅಷ್ಟಕ್ಕೇ ಇಷ್ಟು ಶ್ರಮವನ್ನು ಯಾರೂ ಪಡಲಾರರು.

ಫೆರ್ಡಿನಾಂಡ್ ಕಿಟ್ಟೆಲನ ವಿಷಯದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1853ರಲ್ಲಿ ಇಂಡಿಯಾಕ್ಕೆ ಬಂದ ಅವನು ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಎಂಬ ಕಾವ್ಯವಾಗಿ ಬರೆದು 1862ರಲ್ಲಿ ಪ್ರಕಟಿಸಿದನು. ಹಂಚಿಕೊಳ್ಳಬೇಕಾದ ಶ್ರದ್ಧೆಯನ್ನು ಕೇಳುವವರ ಕಿವಿಗೆ ಒಗ್ಗುವ ಧಾಟಿಯಲ್ಲಿಯೇ ಹೇಳಬೇಕೆಂಬ ವಿವೇಕ ಇದರ ಹಿಂದಿದೆ. ಅನಂತರ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದನು. ಊರ ಪಂಡಿತರನ್ನೂ ಸಾಮಾನ್ಯ ಜನರನ್ನೂ ಕೇಳಿ ಕೇಳಿ ಶಬ್ದಗಳನ್ನು ಕೂಡಿಹಾಕಿದನು. ಒಮ್ಮೆ ಸ್ವದೇಶಕ್ಕೆ ಹೋದವನು ಕೋಶದ ಕೆಲಸಕ್ಕಾಗಿ ಮತ್ತೆ ಬಂದನು. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂದಿತು. ಕಾವ್ಯಪ್ರಯೋಗಗಳ ಪಕ್ಕದಲ್ಲಿಯೇ ಆಡುಮಾತಿಗೂ ಗಾದೆಗೂ ಅದರಲ್ಲಿ ಮರ್ಯಾದೆ ದೊರೆತಿದೆ. ಎಷ್ಟು ಜನರನ್ನು ಮತಕ್ಕೆ ತಂದನೆಂಬ ಲೆಕ್ಕದಿಂದ ನೋಡಿದರೆ ಕಿಟ್ಟೆಲನು ಯಶಸ್ವಿಯಾದ ಮಿಶನರಿಯಲ್ಲ. ಆದರೂ ಆ ಕಾಲದ ಮಿಶನರಿಗಳಲ್ಲಿ ಕನ್ನಡಿಗರು ಮೊದಲು ನೆನೆಯುವುದು ಅವನನ್ನೇ.

ಇಷ್ಟು ಹೇಳಿ ಮುಗಿಸಿದರೆ ಚಿತ್ರ ಏಕಮುಖವಾದೀತು. ಮತಾಂತರದ ಬೆಲೆಯನ್ನು ತೆತ್ತವರು ಪರದೇಶದಿಂದ ಬಂದವರಲ್ಲ, ಇಲ್ಲಿಯವರು. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷೆ ಪಡೆದಾಗ ಊರೇ ಕ್ಷೋಭೆಗೊಂಡಿತು. ಅವನು ಮೊಗ್ಲಿಂಗನೊಡನೆ ಯೂರೋಪಿಗೆ ಹೋಗಿ ಬಾಸೆಲ್‌ನಲ್ಲಿ ಅಭ್ಯಾಸ ಮಾಡಿ ಪಾದ್ರಿಯಾಗಿ ಹಿಂದಿರುಗಿದನು. ಸ್ವದೇಶದಲ್ಲಿಯೇ ಪರಕೀಯನಂತೆ ಬಾಳಬೇಕಾದ ಕಷ್ಟ ಅವನದಾಯಿತು. ಬಡವರ ಪಾಡು ಇದಕ್ಕಿಂತ ಕಠಿನ. ಮತ ಬಿಟ್ಟವರಿಗೆ ಕುಲದ ಕಸುಬೂ ಒಡೆಯರ ಗೇಣಿಭೂಮಿಯೂ ತಪ್ಪಿಹೋಗುತ್ತಿದ್ದವು. ಅವರ ಹೊಟ್ಟೆಯ ಪ್ರಶ್ನೆಯನ್ನು ಪರಿಹರಿಸುವುದಕ್ಕಾಗಿ ಮಿಶನ್ನು ಅಚ್ಚುಕೂಟ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ, ಇವನ್ನು ತೆರೆಯಿತು. ಹಂಚಿನ ಕೆಲಸಕ್ಕೆ ಮೊದಲು ಮಾಡಿದವನು ಪ್ಲೆಬ್ಸ್ಟ್ ಎಂಬವನು. ನೇತ್ರಾವತಿಯ ಜೇಡಿಮಣ್ಣಿನಿಂದಾದ ಆ ಹಂಚು ಮುಂಬಯಿಯ ಕಡೆಗೂ ಬಂದಿತು. ಮರಾಠಿಗರ ಬಾಯಲ್ಲಿ ಅದು 'ಮಂಗಲೋರಿ ಕೌಲ'. ಸೇವೆಯೆಂದು ಹೆಸರಾದ ಈ ಉದ್ಯೋಗಗಳು ಮತಪ್ರಚಾರವೇ ತಂದೊಡ್ಡಿದ ನಷ್ಟಕ್ಕೆ ಒಂದು ಪರಿಹಾರವೂ ಆಗಿದ್ದವೆಂಬುದನ್ನು ಮರೆಯಲಾಗದು. ಅನ್ನ ಕೊಡುವವನೂ ಮತ ಕೊಡುವವನೂ ಒಬ್ಬನೇ ಆದಲ್ಲಿ ಪಡೆಯುವವನ ಸ್ವಾತಂತ್ರ್ಯವೆಷ್ಟೆಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು. ಉದ್ಯೋಗಗಳು ಮಿಶನ್ನಿನ ಕೈತಪ್ಪಿದವು. ಇಲ್ಲಿಯ ಸಭೆಗಳು ತಮ್ಮ ಕಾಲಮೇಲೆ ನಿಂತುಕೊಂಡವು.

ಈ ಎರಡು ಪ್ರಸಂಗಗಳನ್ನು ತೂಗಿ ನೋಡುವಾಗ ಮತಾಂತರವನ್ನು ಒಪ್ಪುವವರೂ ಒಪ್ಪದವರೂ ಸಮಾನವಾಗಿ ಗ್ರಹಿಸಬಹುದಾದ ಒಂದು ಅಂಶವಿದೆ. ಪರದೇಶದಲ್ಲಿ ನಿಂತವನ ಶ್ರದ್ಧೆ ಎಷ್ಟೇ ದೃಢವಾಗಿರಲಿ, ಆ ನೆಲದ ಮಾತನ್ನು ಗೌರವದಿಂದ ಕಲಿಯದೆ ಅವನು ಅಲ್ಲಿಯವರಿಗೆ ಏನನ್ನೂ ಉಳಿಸಿಹೋಗಲಾರನು. ಮರಾಠಿ ನಾಡಿನಲ್ಲಿ ಬೀಡುಬಿಟ್ಟು, ಸಂಘಗಳನ್ನು ಕಟ್ಟಿ, ಕನ್ನಡವನ್ನು ಕಾಪಾಡಿಕೊಂಡಿರುವವರು ಮತಪ್ರಚಾರಕ್ಕಾಗಿ ಬಂದವರಲ್ಲ, ಜೀವನೋಪಾಯಕ್ಕಾಗಿ ಬಂದವರು. ಆದರೂ ಅತಿಥಿಯ ಧರ್ಮ ಅವರಿಗೂ ಉಂಟು. ಪರಭಾಷಿಕನೊಬ್ಬ ಕನ್ನಡಕ್ಕೆ ನಿಘಂಟನ್ನು ಕೊಟ್ಟನೆಂದು ಹೆಮ್ಮೆಪಡುವ ಕನ್ನಡಿಗರು, ತಾವು ಪರಭಾಷಿಕರಾಗಿರುವ ನಾಡಿನ ನುಡಿಗೆ ಏನನ್ನು ಕೊಟ್ಟಿದ್ದಾರೆಂಬುದನ್ನೂ ಅದೇ ತಕ್ಕಡಿಯಲ್ಲಿ ತೂಗಿಕೊಳ್ಳುವುದು ನ್ಯಾಯವಾದುದು.