ಕಟ್ಟಿದ ಗರ್ಭ ನಿಲ್ಲದಿದ್ದಾಗ

ಗರ್ಭ ಕಟ್ಟದಿರುವುದು ಬೇರೆ, ಕಟ್ಟಿದ ಗರ್ಭ ನಿಲ್ಲದಿರುವುದು ಬೇರೆ. ಆದರೆ ಎರಡೂ ಸಂಕಟಗಳಲ್ಲಿ ಜನ ಹುಡುಕಿಕೊಂಡು ಹೋಗುವುದು ಒಂದೇ ಬಾಗಿಲನ್ನು, ಮುಖ್ಯರಸ್ತೆಯಲ್ಲಿ ದೊಡ್ಡ ಬೋರ್ಡು ಹಾಕಿಕೊಂಡಿರುವ ಫರ್ಟಿಲಿಟಿ ಸೆಂಟರನ್ನು. ಎರಡು ಮೂರು ಸಲ ಗರ್ಭಪಾತವಾದ ದಂಪತಿಗೆ ಸಾಮಾನ್ಯವಾಗಿ ಗರ್ಭ ಕಟ್ಟಿಸುವ ಚಿಕಿತ್ಸೆ ಬೇಕಿರುವುದಿಲ್ಲ. ಅದು ತಾನಾಗಿಯೇ ಆಗುತ್ತಿದೆ. ಕಟ್ಟಿದ ಗರ್ಭ ಯಾಕೆ ಉಳಿಯುತ್ತಿಲ್ಲ ಎಂದು ಕ್ರಮವಾಗಿ ಹುಡುಕುವವರು ಬೇಕು. ಕಾರಣ ಸಿಕ್ಕರೆ ಅದಕ್ಕೆ ತಕ್ಕ ಮದ್ದು ಬೇಕು. ಸಿಗದಿದ್ದರೆ, ಏನಾದರೊಂದು ಕೊಡಲೇಬೇಕು ಎಂಬ ಆತುರಕ್ಕೆ ಬೀಳದ ವೈದ್ಯರು ಬೇಕು.

2021ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಗರ್ಭಪಾತದ ಕುರಿತು ಪ್ರಕಟಿಸಿದ ಲೇಖನಮಾಲೆಯ ಲೆಕ್ಕದಂತೆ, ಪತ್ತೆಯಾದ ಗರ್ಭಗಳಲ್ಲಿ ನೂರಕ್ಕೆ ಸುಮಾರು 15 ಉಳಿಯುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಗರ್ಭಪಾತಗಳಾಗುತ್ತವೆ. ಎರಡು ಸಲ ಕಳೆದುಕೊಂಡವರು ನೂರಕ್ಕೆ ಇಬ್ಬರಷ್ಟು. ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮೊದಲೆಲ್ಲ ಮೂರು ಸಲ ಹೋದ ಮೇಲಷ್ಟೇ ತಪಾಸಣೆ ಎಂಬ ನಿಯಮವಿತ್ತು. 2017ರಲ್ಲಿ ಯುರೋಪಿನ ಸಂತಾನ ವೈದ್ಯರ ಸಂಘಟನೆಯಾದ ಎಶ್ರೆ, ಎರಡು ಸಲವಾದರೆ ಸಾಕು, ಹುಡುಕಾಟ ಶುರುವಾಗಲಿ ಎಂದಿತು. ಇದು ನ್ಯಾಯ. 'ಇನ್ನೊಂದು ಸಲ ನೋಡೋಣಮ್ಮ' ಎಂದು ಒಬ್ಬ ಹೆಂಗಸನ್ನು ಮೂರನೆಯ ನಷ್ಟಕ್ಕೆ ಕಳಿಸಿಕೊಡುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಸಮರ್ಥನೆಯೂ ಇಲ್ಲ.

ಹೋದ ಗರ್ಭದ ಪರೀಕ್ಷೆ

ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಭ್ರೂಣದ ಕ್ರೋಮೋಸೋಮುಗಳ ಲೆಕ್ಕವೇ ತಪ್ಪಿರುತ್ತದೆ. 46 ಇರಬೇಕಾದಲ್ಲಿ 47 ಅಥವಾ 45. ಹದಿನಾರನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದು ಇವುಗಳಲ್ಲಿ ತುಂಬ ಸಾಮಾನ್ಯ. ಅಂಥ ಭ್ರೂಣ ಬೆಳೆದು ಮಗುವಾಗಲಾರದು. ಈ ತಪ್ಪು ಬಹುಮಟ್ಟಿಗೆ ಆಗುವುದು ಅಂಡ ಪಕ್ವವಾಗುವ ಹೊತ್ತಿನಲ್ಲಿ. ವಯಸ್ಸು ಏರಿದಂತೆ ಅದೂ ಏರುತ್ತದೆ. ನಾರ್ವೆಯ ಒಂದು ದೊಡ್ಡ ಅಧ್ಯಯನದಲ್ಲಿ 25ರಿಂದ 29ರ ವಯಸ್ಸಿನವರಲ್ಲಿ ಗರ್ಭಪಾತದ ಸಾಧ್ಯತೆ ನೂರಕ್ಕೆ 10 ಇದ್ದರೆ, 45 ದಾಟಿದವರಲ್ಲಿ 53 ಇತ್ತು. ಪರಂಗಿ ಹಣ್ಣು ತಿಂದದ್ದು, ಸ್ಕೂಟರಿನಲ್ಲಿ ಕೂತದ್ದು, ನೀರಿನ ಕೊಡ ಎತ್ತಿದ್ದು, ಗ್ರಹಣದ ದಿನ ಹೊರಗೆ ಬಂದದ್ದು: ಇವು ಯಾವುವೂ ಕ್ರೋಮೋಸೋಮಿನ ಲೆಕ್ಕವನ್ನು ಬದಲಿಸಲಾರವು. ಆ ಲೆಕ್ಕ ತಪ್ಪಿದ್ದು ಗರ್ಭ ಕಟ್ಟಿದ ಸುದ್ದಿ ಮನೆಗೆ ತಿಳಿಯುವ ಎಷ್ಟೋ ದಿನ ಮೊದಲು. ಸೊಸೆಯ ಮೇಲೆ ಗೂಬೆ ಕೂರಿಸುವ ಮನೆಗಳು ಈ ಒಂದು ಸಂಗತಿಯನ್ನು ತಿಳಿದರೂ ಎಷ್ಟೋ ಕಣ್ಣೀರು ಉಳಿದೀತು.

ಹಾಗಾಗಿ ಎರಡನೆಯ ಸಲ 'ಬೆಳವಣಿಗೆ ಇಲ್ಲ, ಕ್ಲೀನ್ ಮಾಡಿಸಬೇಕು' ಎಂದಾಗ, ಆ ಅಂಗಾಂಶವನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸುತ್ತೀರಾ ಎಂದು ಕೇಳುವುದು ಒಳ್ಳೆಯದು. ಇಲ್ಲೊಂದು ಚಿಕ್ಕ ಸಂಗತಿ ಕೆಲಸ ಕೆಡಿಸುತ್ತದೆ. ಥಿಯೇಟರಿನಲ್ಲಿ ರೂಢಿಯಂತೆ ಅಂಗಾಂಶವನ್ನು ಫಾರ್ಮಲಿನ್ ಬಾಟಲಿಗೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ನಲ್ಲಿ ಜೀವಕೋಶ ಸಾಯುತ್ತದೆ, ಅದನ್ನು ಬೆಳೆಸಿ ಕ್ರೋಮೋಸೋಮ್ ಎಣಿಸಲು ಆಗುವುದಿಲ್ಲ. ಅದು ಹೋಗಬೇಕಾದದ್ದು ಶುದ್ಧ ಸಲೈನ್ ಅಥವಾ ಲ್ಯಾಬು ಕೊಟ್ಟ ದ್ರವದಲ್ಲಿ. ಹಿಂದಿನ ದಿನವೇ ಹೇಳಿಟ್ಟರೆ ಆದೀತು, ಆಮೇಲೆ ನೆನಪಾದರೆ ಆಗದು. ವರದಿಯಲ್ಲಿ ಲೆಕ್ಕ ತಪ್ಪಿದ್ದು ಕಂಡರೆ ಆ ನಷ್ಟಕ್ಕೆ ವಿವರಣೆ ಸಿಕ್ಕಿತು. ಲೆಕ್ಕ ಸರಿಯಿದ್ದರೆ ತಾಯಿಯ ದೇಹದಲ್ಲಿ ಕಾರಣ ಹುಡುಕುವುದಕ್ಕೆ ಬಲ ಬಂತು. ಗರ್ಭಕೋಶ ಖಾಲಿ ಮಾಡಲೇಬೇಕಾದಾಗ ಒಳಗೋಡೆಯನ್ನು ಕೆರೆಯುವ ಹಳೆಯ ವಿಧಾನಕ್ಕಿಂತ ಎಳೆದು ತೆಗೆಯುವ ನಿರ್ವಾತ ವಿಧಾನ ಮೇಲು. ಪದೇ ಪದೇ ಕೆರೆದರೆ ಒಳಗೆ ಗಾಯ ಕಟ್ಟಿ ಗೋಡೆಗಳು ಅಂಟಿಕೊಂಡು, ಅದೇ ಮುಂದಿನ ಸಲಕ್ಕೆ ತೊಡಕಾಗಬಹುದು.

ಕೆಲವು ದಂಪತಿಗಳಲ್ಲಿ, ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ, ಗಂಡ ಅಥವಾ ಹೆಂಡತಿಯ ಕ್ರೋಮೋಸೋಮಿನಲ್ಲೇ ಒಂದು ಅದಲುಬದಲು ಇರುತ್ತದೆ. ಎರಡು ಸಂಪುಟಗಳ ಪುಸ್ತಕದಲ್ಲಿ ಕೆಲವು ಹಾಳೆಗಳು ಒಂದರಿಂದ ಇನ್ನೊಂದಕ್ಕೆ ಸೇರಿ ಬೈಂಡ್ ಆದಂತೆ. ಎರಡೂ ಸಂಪುಟ ಇರುವವರಿಗೆ ಏನೂ ಕೊರತೆಯಿಲ್ಲ. ಒಂದನ್ನಷ್ಟೇ ಪಡೆದ ಭ್ರೂಣಕ್ಕೆ ಕೆಲವು ಹಾಳೆ ಇಲ್ಲ, ಕೆಲವು ಎರಡೆರಡು. ಇದು ಇಬ್ಬರ ರಕ್ತದ ಕ್ಯಾರಿಯೋಟೈಪ್ ಪರೀಕ್ಷೆಯಲ್ಲಿ ತಿಳಿಯುತ್ತದೆ. ಇಂಥವರಿಗೆ ಐವಿಎಫ್ ಮಾಡಿ, ಐದನೇ ದಿನದ ಭ್ರೂಣದಿಂದ ಕೆಲವೇ ಜೀವಕೋಶ ತೆಗೆದು ಪರೀಕ್ಷಿಸಿ, ಸರಿಯಿದ್ದದ್ದನ್ನು ಗರ್ಭಕೋಶಕ್ಕೆ ಬಿಡುವ ದಾರಿ ಇದೆ. ಗರ್ಭಪಾತ ಇದರಿಂದ ಕಡಿಮೆಯಾಗುತ್ತದೆ. ಆದರೆ ನೆದರ್ಲೆಂಡ್ಸಿನಲ್ಲಿ ಇಂಥ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 80ಕ್ಕೂ ಹೆಚ್ಚು ಜೋಡಿಗಳಿಗೆ ಕೊನೆಗೆ ಆರೋಗ್ಯವಂತ ಮಗು ಆಗಿತ್ತು. ಕ್ರೋಮೋಸೋಮ್ ಸರಿಯಿದ್ದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ನಡುವೆ ಮತ್ತೆ ಗರ್ಭಪಾತದ ನೋವು ಬರಬಹುದು. ಅದನ್ನು ತಾಳಿಕೊಳ್ಳುವ ಶಕ್ತಿ, ವಯಸ್ಸು, ಹಣ ಮೂರನ್ನೂ ನೋಡಿ ದಂಪತಿಯೇ ತೀರ್ಮಾನಿಸಬೇಕು.

ನಮ್ಮಲ್ಲಿ ಕೇಳಿಬರುವ ಇನ್ನೊಂದು ಪ್ರಶ್ನೆ ರಕ್ತಸಂಬಂಧದ್ದು. 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದ ಮದುವೆಗಳು ಸಂಬಂಧದೊಳಗೇ ಆಗಿದ್ದವು. ಸೋದರಮಾವನನ್ನು ಮದುವೆಯಾಗುವುದೂ ಅದರಲ್ಲಿ ಹೆಚ್ಚು. ಇಂಥ ಮದುವೆಗಳಿಂದ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ, ಆಪ್ತ ಸಲಹೆ ಪಡೆಯಲೇಬೇಕು. ಆದರೆ ಮೊದಲ ತಿಂಗಳುಗಳ ಗರ್ಭಪಾತವನ್ನೆಲ್ಲ ಅದರ ತಲೆಗೆ ಕಟ್ಟುವುದು ಸರಿಯಲ್ಲ.

ಹೊಟ್ಟೆಗೆ ಚುಚ್ಚುವ ಮದ್ದು

ಚಿಕಿತ್ಸೆಯಿಂದ ಖಂಡಿತ ಲಾಭವಾಗುವ ಕಾರಣ ಯಾವುದು ಎಂದರೆ ಮೊದಲು ಹೇಳಬೇಕಾದದ್ದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಜೀವಕೋಶ ಪೊರೆಯ ಅಂಶಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಅವು ರಕ್ತ ಹೆಪ್ಪುಗಟ್ಟಿಸುತ್ತವೆ, ಮಾಸು ಬೇರೂರುವುದನ್ನೂ ಕೆಡಿಸುತ್ತವೆ. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. ಪತ್ತೆಗೆ ಮೂರು ರಕ್ತಪರೀಕ್ಷೆ: ಲೂಪಸ್ ಆಂಟಿಕೊಯಾಗುಲೆಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್ ಪ್ರತಿಕಾಯ. ಒಮ್ಮೆ ಪಾಸಿಟಿವ್ ಬಂದರೆ ಸಾಲದು. ಜ್ವರ, ಸೋಂಕು ಇದ್ದಾಗಲೂ ಕೆಲಕಾಲ ಹಾಗೆ ಬರುತ್ತದೆ. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಒಂದೇ ವರದಿ ನೋಡಿ ಒಂಬತ್ತು ತಿಂಗಳ ಇಂಜೆಕ್ಷನ್ ಬರೆದುಕೊಟ್ಟರೆ, ಎರಡನೆಯ ಪರೀಕ್ಷೆ ಯಾವಾಗ ಎಂದು ಕೇಳುವ ಹಕ್ಕು ನಿಮಗಿದೆ.

ಖಚಿತವಾದರೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ, ಜೊತೆಗೆ ಗರ್ಭ ಕಟ್ಟಿದ್ದು ಗೊತ್ತಾದಾಗಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಪಿರಿನ್ ಮಾತ್ರ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ ಜೀವಂತ ಮಗು ಆದರೆ, ಹೆಪಾರಿನ್ ಕೂಡ ಪಡೆದವರಲ್ಲಿ 71 ಮಂದಿಗೆ ಆಯಿತು. ಈಗ ಸಾಮಾನ್ಯವಾಗಿ ಬಳಸುವುದು ದಿನಕ್ಕೊಮ್ಮೆ ತೆಗೆದುಕೊಳ್ಳುವ ಎನಾಕ್ಸಪಾರಿನ್, ಮೊದಲೇ ತುಂಬಿಟ್ಟ ಪುಟ್ಟ ಸಿರಿಂಜು, 40 ಮಿಲಿಗ್ರಾಂ. ಮೊದಲ ದಿನ ನರ್ಸ್ ತೋರಿಸಿಕೊಡುತ್ತಾರೆ: ಹೊಕ್ಕುಳಿಂದ ನಾಲ್ಕೈದು ಸೆಂಟಿಮೀಟರ್ ದೂರ ಬಿಟ್ಟು, ಚರ್ಮವನ್ನು ಹೆಬ್ಬೆರಳು ತೋರುಬೆರಳಲ್ಲಿ ಮಡಿಕೆ ಹಿಡಿದು, ಸೂಜಿ ನೇರ ಒಳಗಿಟ್ಟು ನಿಧಾನ ಒತ್ತುವುದು, ಸೂಜಿ ಹೊರಬರುವವರೆಗೆ ಮಡಿಕೆ ಬಿಡಬಾರದು. ಸಿರಿಂಜಿನೊಳಗಿನ ಗಾಳಿಗುಳ್ಳೆ ಹೊರಹಾಕಬೇಕಿಲ್ಲ. ಆಮೇಲೆ ಉಜ್ಜಬಾರದು, ಉಜ್ಜಿದರೆ ನೀಲಿಗಟ್ಟುವುದು ಹೆಚ್ಚು. ಇಂದು ಎಡಕ್ಕೆ, ನಾಳೆ ಬಲಕ್ಕೆ. ಹೊಟ್ಟೆಯ ಮೇಲಿನ ಕಲೆ ನೋಡಿ ಮಗುವಿಗೆ ತಾಗಿತೇ ಎಂದು ಹೆದರುವವರಿದ್ದಾರೆ. ಸೂಜಿ ಚರ್ಮದ ಕೆಳಗಿನ ಕೊಬ್ಬಿನವರೆಗಷ್ಟೇ ಹೋಗುತ್ತದೆ, ಹೆಪಾರಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ.

ಈ ಮದ್ದು ಇಷ್ಟು ಕೆಲಸ ಮಾಡಿದ್ದರಿಂದಲೇ ಒಂದು ಕೆಡುಕೂ ಆಯಿತು: ಪ್ರತಿಕಾಯ ಇಲ್ಲದವರಿಗೂ ಬರೆಯುವ ರೂಢಿ ಬಂತು. 2010ರ ಡಚ್ ಪ್ರಯೋಗ ಕಾರಣ ಸಿಗದ ಗರ್ಭಪಾತದಲ್ಲಿ ಇದರಿಂದ ಲಾಭವಿಲ್ಲವೆಂದು ತೋರಿಸಿತು. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುವವರಲ್ಲಿ 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಪಾರಿನ್ ಪಡೆದವರಲ್ಲಿ ನೂರಕ್ಕೆ 72, ಪಡೆಯದವರಲ್ಲಿ 71 ಮಂದಿಗೆ ಮಗುವಾಯಿತು.

ಥೈರಾಯ್ಡ್ ಕೊರತೆಯನ್ನೂ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯನ್ನೂ ಗರ್ಭಕ್ಕೆ ಮೊದಲೇ ಸರಿಪಡಿಸಿಕೊಳ್ಳಬೇಕು. ಆದರೆ ಟಿಎಸ್‌ಎಚ್ ಸರಿಯಿದ್ದು ಥೈರಾಯ್ಡ್ ಪ್ರತಿಕಾಯ ಮಾತ್ರ ಇದ್ದವರಿಗೆ ಮಾತ್ರೆಯಿಂದ ಪ್ರಯೋಜನವಿಲ್ಲವೆಂದು 2019ರ ಬ್ರಿಟಿಷ್ ಪ್ರಯೋಗ ಹೇಳಿದೆ.

ಗರ್ಭಕೋಶದ ರಚನೆ ನೋಡಲು ಮೂರು ಆಯಾಮದ ಸ್ಕ್ಯಾನ್ ಸಾಕು. ನಡುವೆ ಗೋಡೆಯಿದ್ದರೆ ಹಿಸ್ಟೆರೋಸ್ಕೋಪಿಯಲ್ಲಿ, ಅಂದರೆ ಗರ್ಭಕೋಶದೊಳಗೆ ದುರ್ಬೀನು ಇಟ್ಟು, ಕತ್ತರಿಸುವುದು ಬಹುಕಾಲದ ಪದ್ಧತಿ. 2021ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗ ಅದರಿಂದ ಹೆಚ್ಚು ಮಕ್ಕಳು ಹುಟ್ಟಲಿಲ್ಲ ಎಂದು ಕಂಡದ್ದರಿಂದ ಈಗ ವೈದ್ಯರಲ್ಲೇ ಚರ್ಚೆ ನಡೆದಿದೆ. ನಾಲ್ಕೈದು ತಿಂಗಳಲ್ಲಿ ಹೆಚ್ಚು ನೋವಿಲ್ಲದೆ ಗರ್ಭದ ಬಾಯಿ ತೆರೆದುಕೊಂಡು ಮಗು ಹೋಗುವುದು ಮಾತ್ರ ಬೇರೆಯೇ ಕತೆ. ಅದಕ್ಕೆ ಹೊಲಿಗೆ ಹಾಕುವ ವಿಧಾನವನ್ನು ಜಗತ್ತಿಗೆ ಕೊಟ್ಟವರು ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್. 1955ರಲ್ಲಿ ಮದ್ರಾಸಿನ 'ದಿ ಆಂಟಿಸೆಪ್ಟಿಕ್' ಪತ್ರಿಕೆಯಲ್ಲಿ ಅವರು ಅದನ್ನು ಪ್ರಕಟಿಸಿದರು. ಮೊದಮೊದಲು ಹೊಲಿಗೆಗೆ ಬಳಸಿದ್ದು ರೋಗಿಯದೇ ತೊಡೆಯಿಂದ ತೆಗೆದ ಗಟ್ಟಿ ಪೊರೆಯ ಪಟ್ಟಿಯನ್ನು. ಇಂದಿಗೂ ಅದು ಶಿರೋಡ್ಕರ್ ಹೊಲಿಗೆ. 12ರಿಂದ 14ನೇ ವಾರದ ಹೊತ್ತಿಗೆ ಹಾಕಿ, 36–37ನೇ ವಾರದಲ್ಲಿ ಬಿಚ್ಚುತ್ತಾರೆ. ಎರಡನೇ ತಿಂಗಳಲ್ಲೇ ಹೋಗುವ ಗರ್ಭಕ್ಕೆ ಈ ಹೊಲಿಗೆಯಿಂದ ಉಪಯೋಗವಿಲ್ಲ.

ಕಾರಣ ಸಿಗದವರು

ಇಷ್ಟೆಲ್ಲ ಹುಡುಕಿದರೂ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಏನೂ ಸಿಗುವುದಿಲ್ಲ. ಫೈಲು ಮುಚ್ಚಿ ವೈದ್ಯರು 'ಎಲ್ಲಾ ನಾರ್ಮಲ್' ಎಂದಾಗ ದಂಪತಿಗೆ ಕೋಪ ಬರುತ್ತದೆ. ನಾರ್ಮಲ್ ಆದರೆ ಮಗು ಎಲ್ಲಿ? ಆದರೆ ಮುನ್ಸೂಚನೆ ಚೆನ್ನಾಗಿರುವುದು ಇವರದೇ. 2015ರಲ್ಲಿ ಪ್ರಕಟವಾದ ಪ್ರಾಮಿಸ್ ಪ್ರಯೋಗದಲ್ಲಿ ಇಂಥ 836 ಮಹಿಳೆಯರಿದ್ದರು. ಪ್ರೊಜೆಸ್ಟೆರಾನ್ ಹಾರ್ಮೋನು ಪಡೆದವರಲ್ಲಿ ನೂರಕ್ಕೆ 65.8, ಬರೀ ತೋರಿಕೆಯ ಮಾತ್ರೆ ಪಡೆದವರಲ್ಲಿ 63.3 ಮಂದಿಗೆ ಮಗುವಾಯಿತು. ಪ್ರೊಜೆಸ್ಟೆರಾನ್ ಎಲ್ಲರಿಗೂ ಬೇಡವೆಂಬುದು ಒಂದು ಪಾಠ. ಮದ್ದೇ ಇಲ್ಲದೆ ಮೂರರಲ್ಲಿ ಇಬ್ಬರ ಹತ್ತಿರಹತ್ತಿರ ಮಗುವನ್ನು ಎತ್ತಿಕೊಂಡರು ಎಂಬುದು ಅದಕ್ಕಿಂತ ದೊಡ್ಡದು. ಅದೇ ತಂಡದ 2019ರ ಪ್ರಿಸ್ಮ್ ಪ್ರಯೋಗದಲ್ಲಿ, ಮೊದಲು ಮೂರು ಅಥವಾ ಹೆಚ್ಚು ಗರ್ಭಪಾತವಾಗಿದ್ದು ಈ ಸಲ ರಕ್ತ ಕಂಡವರಿಗೆ ಪ್ರೊಜೆಸ್ಟೆರಾನ್ ಕೊಟ್ಟಾಗ ಮಗುವಾದವರು ನೂರಕ್ಕೆ 57ರಿಂದ 72ಕ್ಕೆ ಏರಿದರು. ಅದಕ್ಕೇ 2021ರಿಂದ ಬ್ರಿಟನ್ನಿನ ಮಾರ್ಗಸೂಚಿ, ಹಿಂದೆ ಗರ್ಭಪಾತವಾಗಿದ್ದು ಈಗ ರಕ್ತಸ್ರಾವ ಇರುವವರಿಗೆ 400 ಮಿಲಿಗ್ರಾಂ ಯೋನಿಮಾತ್ರೆ ದಿನಕ್ಕೆರಡು ಬಾರಿ ಎನ್ನುತ್ತದೆ.

ಕಾರಣ ಸಿಗದ ಈ ಜಾಗದಲ್ಲೇ ಹಣ ಸೋರುವುದು. ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ಪರೀಕ್ಷೆಯನ್ನು ನಮ್ಮಲ್ಲಿ ಇಂದಿಗೂ ಬರೆಯುತ್ತಾರೆ; ಆ ಸೋಂಕುಗಳು ಮತ್ತೆ ಮತ್ತೆ ಗರ್ಭಪಾತಕ್ಕೆ ಕಾರಣವಾಗುವುದಿಲ್ಲವಾದ್ದರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಅದನ್ನು ಕೇಳುವುದಿಲ್ಲ. ಗಂಡನ ಬಿಳಿರಕ್ತಕಣ ತೆಗೆದು ಹೆಂಡತಿಗೆ ಚುಚ್ಚುವ ಚಿಕಿತ್ಸೆಯಿಂದ ಲಾಭವಿಲ್ಲವೆಂದು 1999ರಲ್ಲೇ ಅಮೆರಿಕದ ಪ್ರಯೋಗ ತೋರಿಸಿತು. 2002ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಸಂಶೋಧನೆಯ ಹೊರಗೆ ಅದನ್ನು ನಿಲ್ಲಿಸಿತು. ಮೂರು ತಿಂಗಳು ಹಾಸಿಗೆ ಬಿಟ್ಟೇಳಬೇಡ ಎನ್ನುವ ಸಲಹೆಗೂ ಆಧಾರವಿಲ್ಲ. ಕೂಲಿಯ ಮೇಲೆ ಬದುಕುವ ಹೆಂಗಸಿಗೆ ಆ ಸಲಹೆ ಎಷ್ಟು ದುಬಾರಿ ಎಂಬುದನ್ನು ಹೇಳುವವರು ಯೋಚಿಸಬೇಕು.

ಗಂಡಸರ ಬಗ್ಗೆ ಇಷ್ಟು ಕಾಲ ಯಾರೂ ಕೇಳುತ್ತಿರಲಿಲ್ಲ. ಈಗ ವೀರ್ಯಾಣುವಿನ ಡಿಎನ್‌ಎ ತುಂಡಾಗುವಿಕೆಗೂ ಗರ್ಭಪಾತಕ್ಕೂ ನಂಟು ಕಂಡಿದೆ. ಬೀಡಿ, ಸಿಗರೇಟು, ಗುಟ್ಕಾ, ಕುಡಿತ ಬಿಡುವುದು, ತೂಕ ಇಳಿಸುವುದು ಗಂಡನ ಪಾಲಿನ ಚಿಕಿತ್ಸೆ.

ಐವಿಎಫ್, ದಾನದ ಅಂಡ, ಬಾಡಿಗೆಯಿಲ್ಲದ ತಾಯ್ತನ

ಕಾರಣ ಸಿಗದ ಗರ್ಭಪಾತಕ್ಕೆ ಐವಿಎಫ್ ಉತ್ತರವೆಂದು ಯಾವ ಪ್ರಯೋಗವೂ ಖಚಿತಪಡಿಸಿಲ್ಲ. ಅಂಡನಾಳ ಮುಚ್ಚಿದ್ದರೆ, ಕ್ರೋಮೋಸೋಮ್ ಅದಲುಬದಲಿದ್ದರೆ, ವಯಸ್ಸು ಏರಿ ಗರ್ಭ ಕಟ್ಟುವುದೂ ತಡವಾಗುತ್ತಿದ್ದರೆ ಅದರ ಮಾತು ಬರುತ್ತದೆ. ನಲವತ್ತು ದಾಟಿದವರಲ್ಲಿ ದಾನದ ಅಂಡ ಬಳಸಿದರೆ ಗರ್ಭಪಾತದ ಸಾಧ್ಯತೆ ದಾನಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ. 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ದಾನಿ 23ರಿಂದ 35ರೊಳಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು. ಚಿಕಿತ್ಸೆ ಪಡೆಯುವ ಹೆಂಡತಿಗೆ 50, ಗಂಡನಿಗೆ 55 ಮಿತಿ.

ಬಾಡಿಗೆ ತಾಯ್ತನದ 2022ರ ನಿಯಮಗಳು ಕಾರಣ ತಿಳಿಯದ ಹಲವು ಗರ್ಭನಷ್ಟವನ್ನೂ ಒಪ್ಪಿತ ಕಾರಣಗಳಲ್ಲಿ ಸೇರಿಸಿವೆ. ಹಣ ಕೊಟ್ಟು ಮಾಡಿಸುವಂತಿಲ್ಲ. ಆಸ್ಪತ್ರೆ ಖರ್ಚು, ವಿಮೆ ಮಾತ್ರ. ಆದರೆ ತೊಂದರೆ ಭ್ರೂಣದ ಕ್ರೋಮೋಸೋಮಿನಲ್ಲಿದ್ದರೆ ಗರ್ಭಕೋಶ ಬದಲಿಸಿ ಫಲವಿಲ್ಲ, ಅದೇ ಭ್ರೂಣ ಅಲ್ಲಿಯೂ ಹೋಗುತ್ತದೆ.

ಇನ್ನು ಮುಂದಿನ ಗರ್ಭ. ಆರು ತಿಂಗಳು ಕಾಯಲೇಬೇಕೆಂಬ ಹಳೆಯ ಸಲಹೆಯನ್ನು ಈಚಿನ ಅಧ್ಯಯನಗಳು ಬೆಂಬಲಿಸುವುದಿಲ್ಲ. ದೇಹ, ಮನಸ್ಸು ಸಿದ್ಧವಾದಾಗ ಸಾಕು. ಫೋಲಿಕ್ ಆಸಿಡ್ ಮೊದಲೇ ಶುರುಮಾಡಿ. 1984ರಲ್ಲಿ ನಾರ್ವೆಯ ವೈದ್ಯರು ಕಾರಣ ಸಿಗದವರಿಗೆ ಮೊದಲ ತಿಂಗಳುಗಳಲ್ಲಿ ವಾರವಾರ ಪರೀಕ್ಷೆ, ಮಾತು, ಧೈರ್ಯ ಕೊಟ್ಟಾಗ ನೂರಕ್ಕೆ 86 ಗರ್ಭ ನಿಂತವು, ಕೊಡದವರಲ್ಲಿ 33. ಅದು ಲಾಟರಿ ಎತ್ತಿ ಹಂಚಿದ ಪ್ರಯೋಗವಲ್ಲ, ಅಷ್ಟು ದೊಡ್ಡ ಅಂತರವನ್ನು ಹಾಗೇ ನಂಬಬೇಕಿಲ್ಲ. ಆದರೂ ಆರು–ಏಳನೇ ವಾರಕ್ಕೊಂದು ಸ್ಕ್ಯಾನ್, ಆಮೇಲೆ ವಾರ ಎರಡು ವಾರಕ್ಕೊಮ್ಮೆ ಭೇಟಿ ಎಂಬ ಏರ್ಪಾಡನ್ನು ಮೊದಲೇ ಕೇಳಿ ಪಡೆಯಬಹುದು. ಎರಡು ಅಥವಾ ಹೆಚ್ಚು ಗರ್ಭಪಾತವಾದವರಿಗೆ ಭ್ರೂಣದ ತಳಿ ಪರೀಕ್ಷೆ ಮಾಡಿಸಲು 1994ರ ಪ್ರಸವಪೂರ್ವ ಪತ್ತೆ ಕಾಯ್ದೆಯಲ್ಲೇ ಅವಕಾಶವಿದೆ, ಲಿಂಗ ತಿಳಿಸುವಂತಿಲ್ಲ ಅಷ್ಟೆ. ಮತ್ತೆ ನಷ್ಟವಾದರೆ, ಕಾಯ್ದೆಗೆ ಒಳಪಟ್ಟ ಕೆಲಸದಲ್ಲಿರುವ ಹೆಂಗಸಿಗೆ ಆರು ವಾರ ಸಂಬಳ ಸಹಿತ ರಜೆ ಹೆರಿಗೆ ಸೌಲಭ್ಯ ಕಾನೂನಿನಿಂದ ಬಂದ ಹಕ್ಕು. ಡಾಕ್ಟರ ಸರ್ಟಿಫಿಕೇಟ್ ಇಟ್ಟು ಬರಹದಲ್ಲಿ ಕೇಳಬೇಕು. ರಾತ್ರಿ ರಕ್ತ ಕಂಡರೆ ಯಾವ ಆಸ್ಪತ್ರೆ, ಯಾವ ನಂಬರು ಎಂಬುದನ್ನು ಮೊದಲ ಭೇಟಿಯಲ್ಲೇ ವೈದ್ಯರಿಂದ ಬರೆಸಿಕೊಂಡು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.