ಹಗುರ ಜೇಬಿನವರ ಲಂಡನ್ನು

ಲಂಡನ್ನು ದುಬಾರಿಯ ಊರು. ಜೇಬು ಹಗುರವಾದವನಿಗೆ ಅಲ್ಲಿ ಏನು ದಕ್ಕೀತು ಎಂದು ನೀವು ಕೇಳಬಹುದು. ಸೋಜಿಗವೆಂದರೆ, ಆ ಊರಿನ ಅಮೂಲ್ಯ ವಸ್ತುಗಳಲ್ಲಿ ಎಷ್ಟನ್ನೋ ನೋಡಲು ಕಾಸೇ ಬೇಕಿಲ್ಲ.

ಬೆಳಗ್ಗೆ ಹತ್ತಕ್ಕೆ ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಆರಂಭಿಸಿರಿ. 1753ರಲ್ಲಿ ಸ್ಥಾಪಿತವಾದ ಈ ಭಂಡಾರದಲ್ಲಿ ಈಜಿಪ್ಟಿನ ರೊಸೆಟ್ಟಾ ಶಿಲೆಯುಂಟು, ನಮ್ಮ ನೆರೆಯ ಆಂಧ್ರದ ಅಮರಾವತಿಯ ಶಿಲ್ಪಗಳೂ ಉಂಟು. ಅಲ್ಲಿಂದ ಟ್ರಫಾಲ್ಗರ್ ಚೌಕಕ್ಕೆ ನಡೆದೇ ಹೋಗಬಹುದು. ಅಲ್ಲಿಯ ನ್ಯಾಷನಲ್ ಗ್ಯಾಲರಿಯ ಚಿತ್ರಗಳಿಗೂ ಶುಲ್ಕವಿಲ್ಲ. ಬುತ್ತಿ ಕಟ್ಟಿಕೊಂಡಿದ್ದರೆ ಊಟದ ಖರ್ಚೂ ಉಳಿಯಿತು.

ಮುಂದೆ ಸೌತ್ ಕೆನ್ಸಿಂಗ್ಟನ್ನಿಗೆ ಬಸ್ಸು ಹಿಡಿಯಿರಿ. ಬಸ್ಸಿನಲ್ಲಿ ರೊಕ್ಕ ನಡೆಯದು, ಕಾರ್ಡು ಬೇಕು. ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿ ಹತ್ತಿದರೂ ಒಂದೇ ದರ. ಅಲ್ಲಿಯ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ 2001ರಿಂದ ಪ್ರವೇಶ ಉಚಿತ. ಟಿಪ್ಪುವಿನ ಮರದ ಹುಲಿ ಈಗ ಅದರ ಸೊತ್ತು. ಎಲ್ಲಿಟ್ಟಿದ್ದಾರೆಂದು ಬಾಗಿಲಲ್ಲೇ ವಿಚಾರಿಸಿರಿ. ಐರೋಪ್ಯನೊಬ್ಬನ ಮೇಲೆ ಎರಗಿದ ಹುಲಿ, ಒಡಲೊಳಗೆ ವಾದ್ಯ. ಹಿಡಿ ತಿರುಗಿಸಿದರೆ ಗರ್ಜನೆ, ನರಳಾಟ ಕೇಳುವಂತೆ ಮಾಡಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗೆದ್ದವರ ಕೈಸೇರಿ ಕಡಲು ದಾಟಿತು. ನೋಡಲು ಟಿಕೆಟ್ಟಿಲ್ಲ, ನಿಜ. ಆದರೆ ಅದರ ಬೆಲೆಯನ್ನು ನಮ್ಮ ನಾಡು ಅಂದೇ ತೆತ್ತಿದೆ.

ಸಂಜೆ ಥೇಮ್ಸ್ ನದಿಯ ದಂಡೆಗೆ ಬನ್ನಿರಿ. ಲ್ಯಾಂಬೆತ್ತಿನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಹುಲಿಯನ್ನು ಹೊತ್ತೊಯ್ದರು, ಬಸವಣ್ಣನವರನ್ನು ಬರಮಾಡಿಕೊಂಡರು. ಈ ಎರಡನ್ನೂ ಒಂದೇ ದಿನ ಕಂಡು, ಎರಡರ ಅಂತರವನ್ನು ಅರಿತು ಬಂದರೆ, ಕಾಸು ಕೊಡದೆ ಕಲಿತ ಪಾಠ ಅದು.